ಕೈಗೆ ಕೆಲಸ ಕೊಡಿ

ಲಕ್ವ ಹೊಡೆದು ನಾಲ್ಕು ತಿಂಗಳಾದ ಸೋದರತ್ತೆಯನ್ನು ನೋಡಲು ಈ ವಾರ ಹೋಗಿದ್ದೆ. ಬಲಗೈ ಬೆರಳುಗಳು ತುಸು ಆಡುತ್ತಿದ್ದವು. ಕಾಫಿ ಲೋಟದತ್ತ ಆ ಕೈ ಚಾಚಿದ್ದೇ ತಡ, ಮಗ ಲೋಟ ಎತ್ತಿಕೊಂಡು, 'ಬಿಡಮ್ಮಾ, ಚೆಲ್ತೀಯ' ಎಂದು ತಾನೇ ಕುಡಿಸಿದ. ಫಿಸಿಯೋಥೆರಪಿ ನಡೀತಿದೆಯಾ ಎಂದೆ. ನಿಲ್ಲಿಸಿದ್ದರಂತೆ. ಪಕ್ಕದಲ್ಲಿದ್ದ ಹಿರಿಯರೊಬ್ಬರು ತೀರ್ಪನ್ನೇ ಕೊಟ್ಟುಬಿಟ್ಟರು: 'ಎಪ್ಪತ್ತಾದ ಮೇಲೆ ಇನ್ನೇನಪ್ಪಾ, ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?' ಅತ್ತೆ ಎದುರಲ್ಲೇ ಕೂತಿದ್ದರು. ಅವರ ಕಿವಿಗೆ ಲಕ್ವ ಹೊಡೆದಿಲ್ಲ.

ಮಿದುಳಿನ ಮಟ್ಟಿಗೆ ಆ ಗಾದೆ ಸುಳ್ಳು. ನ್ಯೂಯಾರ್ಕಿನ ಸಿಟಿ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ಪೆಡ್ರೊ ಬಾಕ್-ಇ-ರಿಟಾ ಅವರಿಗೆ ಲಕ್ವ ಹೊಡೆದಾಗ ಅರವತ್ತು ದಾಟಿತ್ತು. ನಡಿಗೆ ಹೋಯಿತು, ಮಾತು ಹೋಯಿತು. ವೈದ್ಯಕೀಯ ಓದುತ್ತಿದ್ದ ಮಗ ಜಾರ್ಜ್ ಅಪ್ಪನನ್ನು ನೆಲದ ಮೇಲೆ ಅಂಬೆಗಾಲಿಡಿಸಿದ, ಪಾತ್ರೆ ಉಜ್ಜಿಸಿದ. ಪ್ರೊಫೆಸರರಿಗೆ ಇದೆಂಥ ಅವಮಾನ ಎಂದು ನೆರೆಯವರು ಆಡಿಕೊಂಡರು. ಆ ಪ್ರೊಫೆಸರು ಮತ್ತೆ ಪಾಠ ಮಾಡಿದರು, ಬೆಟ್ಟ ಹತ್ತಿದರು. ಮುಂದೆ ಹೃದಯಾಘಾತದಿಂದ ಸತ್ತಾಗ ಮಿದುಳು ಬಿಚ್ಚಿ ನೋಡಿದರೆ, ಹಳೆಯ ಗಾಯ ಮಾಯ್ದೇ ಇರಲಿಲ್ಲ. ಉಳಿದಿದ್ದ ಭಾಗವೇ ಕೆಲಸ ಕಲಿತುಕೊಂಡಿತ್ತು. ಅವರ ಇನ್ನೊಬ್ಬ ಮಗ ಪಾಲ್, ಮಿದುಳಿನ ಈ ಗುಣದ ಸಂಶೋಧನೆಗೇ ಬದುಕು ಮುಡಿಪಿಟ್ಟರು.

ಕಲಿಸದಿದ್ದರೆ ಏನಾಗುತ್ತದೆ ಎಂಬುದೂ ಗೊತ್ತಿದೆ. ರ‍್ಯಾಂಡಾಲ್ಫ್ ನ್ಯೂಡೊ ಎಂಬ ವಿಜ್ಞಾನಿಯ ತಂಡ 1996ರಲ್ಲಿ ಕೋತಿಗಳಲ್ಲಿ ಕಂಡದ್ದು ಇದು: ಮಿದುಳಿಗೆ ಗಾಯವಾದ ನಂತರ ಅಭ್ಯಾಸ ಮಾಡಿಸದೆ ಬಿಟ್ಟರೆ, ಗಾಯದ ಪಕ್ಕದಲ್ಲಿ ಚೆನ್ನಾಗಿಯೇ ಉಳಿದಿದ್ದ, ಕೈ ಆಡಿಸುವ ಜಾಗವೂ ಕುಗ್ಗುತ್ತದೆ. ಅಭ್ಯಾಸ ಮಾಡಿಸಿದರೆ ಅದು ಉಳಿಯುತ್ತದೆ, ಕೆಲವೊಮ್ಮೆ ಮೊಣಕೈ-ಭುಜಗಳ ಜಾಗವನ್ನೂ ಆಕ್ರಮಿಸಿ ಹಿಗ್ಗುತ್ತದೆ. ಎಡ್ವರ್ಡ್ ಟಾಬ್ ಎಂಬ ವಿಜ್ಞಾನಿ ಇನ್ನೂ ನಿಷ್ಠುರವಾದ ದಾರಿ ಹಿಡಿದರು: ಸರಿಯಿರುವ ಕೈಗೆ ಗವಸು ತೊಡಿಸಿ ಕಟ್ಟಿಹಾಕುವುದು, ಸೋತ ಕೈಯಿಂದಲೇ ದಿನಕ್ಕೆ ಗಂಟೆಗಟ್ಟಲೆ ಕೆಲಸ ಮಾಡಿಸುವುದು. ಲಕ್ವ ಹೊಡೆದು ಮೂರರಿಂದ ಒಂಬತ್ತು ತಿಂಗಳಾಗಿದ್ದ 222 ಜನರ ಮೇಲೆ ಇದನ್ನು ಪರೀಕ್ಷಿಸಿದ ಫಲಿತಾಂಶ 2006ರಲ್ಲಿ ಪ್ರಕಟವಾಯಿತು. ಹೀಗೆ ದುಡಿಸಿದವರ ಕೈ ಉಳಿದವರ ಕೈಗಿಂತ ಸ್ಪಷ್ಟವಾಗಿ ಸುಧಾರಿಸಿತ್ತು. ಬೆರಳು ಸ್ವಲ್ಪವಾದರೂ ಆಡುವವರಿಗೆ ಮಾತ್ರ ಈ ವಿಧಾನ. ನಮ್ಮತ್ತೆಯ ಬೆರಳು ಆಡುತ್ತಿದೆ!

ಎಲ್ಲರೂ ಪೂರ್ತಿ ಗುಣವಾಗುತ್ತಾರೆಂದು ನಾನು ಹೇಳುತ್ತಿಲ್ಲ. ಆದರೆ ನಮ್ಮ ಮನೆಗಳಲ್ಲಿ ತುತ್ತು ಬಾಯಿಗಿಟ್ಟು, ಗುಂಡಿ ಹಾಕಿ, ತಲೆ ಬಾಚಿ, ಅದನ್ನೇ ಸೇವೆ ಎಂದುಕೊಳ್ಳುತ್ತೇವೆ. ಬಂದವರೂ ಎಂಥ ಮಗ, ಎಂಥ ಸೊಸೆ ಎಂದು ಹೊಗಳಿ ಹೋಗುತ್ತಾರೆ. ಇದು ಸೇವೆಯಲ್ಲ. ಬದುಕಲು ಹವಣಿಸುವ ಕೈಯನ್ನು ಪ್ರೀತಿಯ ಹೆಸರಿನಲ್ಲಿ ಕೊಲ್ಲುವ ಕೆಲಸ.

ನಿಮ್ಮ ಮನೆಯಲ್ಲಿ ಲಕ್ವ ಹೊಡೆದವರಿದ್ದರೆ, ಸೋತ ಕೈಗೆ ದಿನವೂ ಯಾವ ಕೆಲಸ ಕೊಡಬೇಕು ಎಂದು ಫಿಸಿಯೋಥೆರಪಿಸ್ಟರನ್ನು ಕೇಳಿ ಬರೆಸಿಕೊಳ್ಳಿ. ತಿಂಗಳು ಕಳೆಯಿತೆಂದು ಬಿಡಬೇಡಿ. ದಯವಿಟ್ಟು, ಅವರೆದುರು ಗಾದೆ ಹೇಳಬೇಡಿ.