ಯಂತ್ರ ಓದಲಿ, ಬರೆದವರಿಗೂ ಪಾಲಿರಲಿ

ಜಾಲತಾಣ ಕಟ್ಟಿಕೊಡುವ ನನ್ನಂಥವರ ಬಳಿ ಬರುವ ಗಿರಾಕಿಗಳು ಕೇಳುವ ಪ್ರಶ್ನೆ ಬದಲಾಗಿದೆ. ಶಿಕಾಗೊ ಪಕ್ಕದ ನೇಪರ್‌ವಿಲ್‌ನ ದಂತವೈದ್ಯರಿರಲಿ, ಡೆಟ್ರಾಯಿಟ್ ಬಳಿಯ ಟ್ರಾಯ್‌ನಲ್ಲಿ ಕಾರಿನ ಬಿಡಿಭಾಗ ಮಾರುವವರಿರಲಿ, ‘ಗೂಗಲ್‌ನ ಮೊದಲ ಪುಟದಲ್ಲಿ ನಮ್ಮ ಹೆಸರು ಬರುತ್ತದಾ?’ ಎಂದು ಮೊದಲೆಲ್ಲ ಕೇಳುತ್ತಿದ್ದರು. ಈಗ, ‘ಚಾಟ್‌ಜಿಪಿಟಿಯನ್ನು ಕೇಳಿದರೆ ನಮ್ಮ ಹೆಸರು ಹೇಳುತ್ತದಾ?’ ಎನ್ನುತ್ತಾರೆ. ಮೇಲ್ನೋಟಕ್ಕೆ ಎರಡೂ ಒಂದೇ. ಆದರೆ ಮೊದಲನೆಯ ಪ್ರಶ್ನೆಯಲ್ಲಿ ಜನ ತಾಣಕ್ಕೆ ಬಂದು ಓದುತ್ತಾರೆ ಎಂಬ ನಿರೀಕ್ಷೆ ಇತ್ತು, ಎರಡನೆಯದರಲ್ಲಿ ಅದಿಲ್ಲ. ಅಂತರ್ಜಾಲದಲ್ಲಿ ಈಗ ಆಗುತ್ತಿರುವ ಬದಲಾವಣೆಗಳಲ್ಲಿ ಇದಕ್ಕಿಂತ ದೊಡ್ಡದು ಇನ್ನೊಂದು ನನಗೆ ಕಾಣುತ್ತಿಲ್ಲ. ಕನ್ನಡದಲ್ಲಿ ಬರೆಯುವವರಿಗೂ ಪ್ರಕಟಿಸುವವರಿಗೂ ಇದರ ಬಿಸಿ ತಟ್ಟಲಿದೆ.

ಗೂಗಲ್ 2024ರ ಮೇ ತಿಂಗಳಲ್ಲಿ ಅಮೆರಿಕದ ಬಳಕೆದಾರರಿಗೆ ಹುಡುಕಾಟದ ಫಲಿತಾಂಶಗಳ ಮೇಲುಗಡೆ ಎಐ ಸಾರಾಂಶ ಕೊಡಲು ಶುರು ಮಾಡಿತು. 2025ರ ಮಾರ್ಚ್‌ನಲ್ಲಿ ಸುಮಾರು 900 ಅಮೆರಿಕನ್ನರು ಬ್ರೌಸರ್ ಬಳಸಿದ ಬಗೆಯನ್ನು ಪ್ಯೂ ಸಂಶೋಧನಾ ಕೇಂದ್ರ ಪರಿಶೀಲಿಸಿತು. ಸಾರಾಂಶ ಕಾಣಿಸದ ಹುಡುಕಾಟಗಳಲ್ಲಿ ಶೇ 15ರಷ್ಟು ಸಲ ಜನ ಯಾವುದಾದರೊಂದು ಫಲಿತಾಂಶದ ಕೊಂಡಿ ಒತ್ತಿದ್ದರು. ಸಾರಾಂಶ ಕಾಣಿಸಿದಾಗ ಅದು ಶೇ 8ಕ್ಕೆ ಇಳಿದಿತ್ತು. ಸಾರಾಂಶದೊಳಗೇ ಕೊಟ್ಟಿದ್ದ ಮೂಲದ ಕೊಂಡಿ ಒತ್ತಿದ್ದು ಶೇ 1ರಷ್ಟು ಸಲ ಮಾತ್ರ.

ಮನುಷ್ಯರ ಭೇಟಿ ಇಳಿಯುತ್ತಿರುವಾಗಲೇ ಯಂತ್ರಗಳ, ಅಂದರೆ ಪುಟಗಳನ್ನು ತಾವಾಗಿಯೇ ಓದಿ ಒಯ್ಯುವ ‘ಬಾಟ್’ ತಂತ್ರಾಂಶಗಳ, ಭೇಟಿ ಏರುತ್ತಿದೆ. ನಾನು ನೋಡಿಕೊಳ್ಳುವ ಒಂದು ಪುಟ್ಟ ಕನ್ನಡ ತಾಣದ ಸರ್ವರ್ ಲಾಗ್ ತೆರೆದರೆ ಇದು ಕಣ್ಣಿಗೆ ರಾಚುತ್ತದೆ. ಯಾರು ಬಂದರು, ಎಷ್ಟು ಹೊತ್ತಿಗೆ ಬಂದರು, ಯಾವ ಪುಟ ಕೇಳಿದರು ಎಂಬುದು ಅಲ್ಲಿ ಸಾಲುಸಾಲಾಗಿ ದಾಖಲಾಗಿರುತ್ತದೆ. ಜಿಪಿಟಿಬಾಟ್, ಕ್ಲಾಡ್‌ಬಾಟ್, ಬೈಟ್‌ಸ್ಪೈಡರ್ ಎಂದು ಹೆಸರು ಹೇಳಿಕೊಂಡು ಬರುವವು ಕೆಲವು. ಮಾಮೂಲಿ ಬ್ರೌಸರಿನ ವೇಷದಲ್ಲಿ ಬರುವವು ಇನ್ನಷ್ಟು. ತಾಣದ ಕಾರ್ಯಕ್ರಮಗಳ ಕ್ಯಾಲೆಂಡರಿನಲ್ಲಿ ‘ಮುಂದಿನ ತಿಂಗಳು’ ಎಂಬ ಗುಂಡಿಯಿದೆ. ಬಾಟ್ ಅದನ್ನು ಒತ್ತುತ್ತದೆ, ಮತ್ತೆ ಒತ್ತುತ್ತದೆ, ಒತ್ತುತ್ತಲೇ ಇರುತ್ತದೆ. ಇನ್ನೂ ಹುಟ್ಟದ ಮಕ್ಕಳು ಆಚರಿಸಬೇಕಾದ ರಾಜ್ಯೋತ್ಸವದ ಖಾಲಿ ಪುಟವನ್ನೂ ಸರ್ವರ್ ತಯಾರಿಸಿ ಕೊಡಬೇಕು. ಆ ಖರ್ಚು ತಾಣ ನಡೆಸುವವರದ್ದು. ವಿಕಿಪೀಡಿಯ ನಡೆಸುವ ವಿಕಿಮೀಡಿಯ ಪ್ರತಿಷ್ಠಾನವೂ 2025ರಲ್ಲಿ ಇದೇ ಅಳಲು ತೋಡಿಕೊಂಡಿತು: ತನ್ನ ಅತಿ ದುಬಾರಿ ದಟ್ಟಣೆಯಲ್ಲಿ ಶೇ 65ರಷ್ಟು ಬಾಟ್‌ಗಳದ್ದು.

ಇಲ್ಲಿ ಮುರಿದುಬಿದ್ದಿರುವುದು ಮೂವತ್ತು ವರ್ಷ ನಡೆದುಬಂದ ಒಂದು ಬಾಯಿಮಾತಿನ ಒಪ್ಪಂದ. ಅದು ರೂಪುಗೊಂಡ ಕಾಲದಲ್ಲಿ ಅಮೆರಿಕದ ಈ ಮಧ್ಯ–ಪಶ್ಚಿಮ ಭಾಗದ ಪಾತ್ರ ದೊಡ್ಡದಿತ್ತು. ಶಿಕಾಗೊದ ದಕ್ಷಿಣಕ್ಕೆ ಎರಡು–ಎರಡೂವರೆ ಗಂಟೆ ಕಾರಿನ ಹಾದಿಯಲ್ಲಿರುವ ಇಲಿನಾಯ್ ವಿಶ್ವವಿದ್ಯಾಲಯದ ಸೂಪರ್‌ಕಂಪ್ಯೂಟಿಂಗ್ ಕೇಂದ್ರದಲ್ಲಿ ಮಾರ್ಕ್ ಆಂಡ್ರೀಸನ್ ಮತ್ತು ಎರಿಕ್ ಬಿನಾ 1993ರಲ್ಲಿ ಮೊಸಾಯಿಕ್ ಬ್ರೌಸರ್ ಹೊರತಂದರು. ಬರಹ, ಚಿತ್ರ ಎರಡೂ ಒಂದೇ ಪುಟದಲ್ಲಿ ಕಂಡಾಗ ಜನಸಾಮಾನ್ಯರು ವೆಬ್ ಕಡೆ ತಿರುಗಿದರು. ಡೆಟ್ರಾಯಿಟ್ ಬಳಿಯ ಆ್ಯನ್ ಆರ್ಬರ್‌ನ ಮೆರಿಟ್ ಸಂಸ್ಥೆ, ಅಂತರ್ಜಾಲದ ಬೆನ್ನೆಲುಬಾಗಿದ್ದ ಎನ್‌ಎಸ್‌ಎಫ್‌ನೆಟ್ ಜಾಲವನ್ನು 1995ರವರೆಗೆ ನಡೆಸಿತು. ಎರಡರ ಹಿಂದೆಯೂ ಸಾರ್ವಜನಿಕ ಹಣವಿತ್ತು.

ಆ ಒಪ್ಪಂದಕ್ಕೆ ರೂಪ ಬಂದದ್ದು ಹೀಗೆ: 1994ರಲ್ಲಿ ಮಾರ್ಟೈನ್ ಕೋಸ್ಟರ್ ಎಂಬ ತಂತ್ರಜ್ಞ ರೋಬಾಟ್ಸ್.ಟಿಎಕ್ಸ್‌ಟಿ ಎಂಬ ಕಡತದ ಪದ್ಧತಿ ಸೂಚಿಸಿದರು. ‘ಇಂಥ ಬಾಟ್ ಇಂಥ ಪುಟಕ್ಕೆ ಬರಬಾರದು’ ಎಂದು ಅದರಲ್ಲಿ ಬರೆದಿಡಬಹುದು, ಅಷ್ಟೆ. ಅದು ಬಾಗಿಲಿಗೆ ಹಾಕಿದ ಬೀಗವಲ್ಲ, ಗೋಡೆಗೆ ಅಂಟಿಸಿದ ಚೀಟಿ. ಆದರೂ ದೊಡ್ಡ ಹುಡುಕು ಯಂತ್ರಗಳು ಅದನ್ನು ಬಹುಮಟ್ಟಿಗೆ ಪಾಲಿಸಿದವು. ಕಾರಣ ಸರಳ: ಅವು ಪಠ್ಯ ಒಯ್ಯುತ್ತಿದ್ದವು, ಬದಲಿಗೆ ಓದುಗರನ್ನು ಕಳಿಸುತ್ತಿದ್ದವು. ಕೊಡು–ಕೊಳ್ಳುವಿಕೆ ಇದ್ದುದರಿಂದ ಮರ್ಯಾದೆ ಇತ್ತು. ಈಗ ಕೊಳ್ಳುವುದಷ್ಟೇ ಉಳಿದಿದೆ.

‘ಪುಟ್ಟ ತಾಣಗಳಿಗೆ ಇದೂ ಪ್ರಚಾರವಲ್ಲವೇ?’ ಎಂಬ ವಾದವಿದೆ. ದಂತವೈದ್ಯರ ವಿಷಯದಲ್ಲಿ ಅದು ನಿಜವೇ. ಅವರಿಗೆ ಜಾಲತಾಣವೊಂದು ಬೋರ್ಡು. ಯಂತ್ರ ಅವರ ಹೆಸರು ಹೇಳಿದರೆ ಫೋನು ಬರುತ್ತದೆ, ಹಲ್ಲು ಕೀಳಿಸಿಕೊಳ್ಳುವವರು ಬಂದೇ ಬರುತ್ತಾರೆ. ಪತ್ರಿಕೆಗೆ, ಲೇಖಕರಿಗೆ, ಅಡುಗೆಯ ವಿಧಾನ ಬರೆಯುವ ಗೃಹಿಣಿಗೆ ಬರಹವೇ ಸರಕು. ಅದರ ಸಾರ ಬೇರೆಡೆ ಪುಕ್ಕಟೆಯಾಗಿ ಸಿಕ್ಕಿದ ಮೇಲೆ ಅವರ ಬಳಿಗೆ ಯಾರು ಬರಬೇಕು? ಈ ಎರಡು ಬಗೆಯ ತಾಣಗಳನ್ನು ಒಂದೇ ತಕ್ಕಡಿಯಲ್ಲಿ ತೂಗುವುದರಿಂದಲೇ ಚರ್ಚೆ ದಾರಿ ತಪ್ಪುತ್ತಿದೆ.

ಈ ಯಂತ್ರಗಳು ಎಲ್ಲೋ ‘ಕ್ಲೌಡ್’ನಲ್ಲಿ ತೇಲುತ್ತಿಲ್ಲ ಎಂಬುದನ್ನೂ ನೆನಪಿಡಬೇಕು. ಶಿಕಾಗೊದ 350 ಈಸ್ಟ್ ಸರ್ಮ್ಯಾಕ್ ವಿಳಾಸದಲ್ಲಿ ಸುಮಾರು 11 ಲಕ್ಷ ಚದರ ಅಡಿಯ ಹಳೆಯ ಕಟ್ಟಡವಿದೆ. ಆರ್.ಆರ್. ಡಾನೆಲಿ ಕಂಪನಿಯ ಮುದ್ರಣಾಲಯವಾಗಿದ್ದ ಅಲ್ಲಿ ಒಂದು ಕಾಲಕ್ಕೆ ಸಿಯರ್ಸ್ ಕ್ಯಾಟಲಾಗ್, ಟೆಲಿಫೋನ್ ಡೈರೆಕ್ಟರಿಗಳು ಅಚ್ಚಾಗುತ್ತಿದ್ದವು. ಇಂದು ಅದು ದೇಶದ ದೊಡ್ಡ ಡೇಟಾ ಸೆಂಟರ್‌ಗಳಲ್ಲಿ ಒಂದು. ಎಐ ಬಂದ ಮೇಲೆ ಅಷ್ಟು ದೊಡ್ಡ ಕಟ್ಟಡವೂ ಚಿಕ್ಕದಾಯಿತು. ಆ್ಯನ್ ಆರ್ಬರ್‌ನ ದಕ್ಷಿಣಕ್ಕೆ, ಹೊಲಗದ್ದೆಗಳ ನಡುವಿನ ಸಲೀನ್ ಟೌನ್‌ಶಿಪ್‌ನಲ್ಲಿ ಓಪನ್‌ಎಐ ಮತ್ತು ಒರಾಕಲ್‌ಗಾಗಿ ಯೋಜಿಸಿರುವ ಕೇಂದ್ರಕ್ಕೆ ಬೇಕಿರುವುದು 1.4 ಗಿಗಾವಾಟ್ ವಿದ್ಯುತ್. ರಾಯಚೂರು ಶಾಖೋತ್ಪನ್ನ ಕೇಂದ್ರದ ಒಟ್ಟು ಸಾಮರ್ಥ್ಯ 1,720 ಮೆಗಾವಾಟ್ ಎಂಬುದನ್ನು ನೆನೆದರೆ ಅದರ ಗಾತ್ರ ತಿಳಿಯುತ್ತದೆ. ಸ್ಥಳೀಯ ಮಂಡಳಿ 2025ರಲ್ಲಿ ಜಮೀನಿನ ಬಳಕೆ ಬದಲಿಸಲು ಒಪ್ಪಲಿಲ್ಲ. ಮೊಕದ್ದಮೆ ಬಿತ್ತು, ಕೊನೆಗೆ ಮಂಡಳಿ ರಾಜಿಗೆ ಒಪ್ಪಿ ದಾರಿ ಬಿಟ್ಟಿತು. ಬರೆದವರ ಪಠ್ಯ, ಊರವರ ವಿದ್ಯುತ್ ಎರಡರ ವಿಚಾರದಲ್ಲೂ ನಡೆದಿರುವುದು ಒಂದೇ: ತೆಗೆದುಕೊಳ್ಳುವವರು ದೊಡ್ಡವರು, ಬೇಡ ಎನ್ನುವ ಶಕ್ತಿ ಸಣ್ಣವರಿಗಿಲ್ಲ.

ಹಾಗಾದರೆ ಸಣ್ಣವರು ಏನು ಮಾಡಬೇಕು? ಇದಕ್ಕೂ ಶಿಕಾಗೊದಲ್ಲೇ ಎರಡು ಪಾಠಗಳಿವೆ. ಏಡ್ರಿಯನ್ ಹೊಲೊವಾಟಿ ಎಂಬ ಪತ್ರಕರ್ತ–ಪ್ರೋಗ್ರಾಮರ್ 2005ರಲ್ಲಿ ಪೊಲೀಸರ ಅಪರಾಧ ದಾಖಲೆಗಳನ್ನು ಗೂಗಲ್ ನಕ್ಷೆಯ ಮೇಲೆ ಜೋಡಿಸಿ, ಬೀದಿಬೀದಿಯ ಮಾಹಿತಿ ಕೊಡುವ ತಾಣ ಕಟ್ಟಿದರು. ಅದರಿಂದ ಬೆಳೆದ ಎವ್ರಿಬ್ಲಾಕ್ ದೊಡ್ಡ ಮಾಧ್ಯಮ ಕಂಪನಿಯ ಕೈಸೇರಿತು. 2013ರಲ್ಲಿ ಆ ಕಂಪನಿ ಅದನ್ನು ದಿಢೀರನೆ ಮುಚ್ಚಿತು. ಬೀದಿಗಳ ಜನ ಬರೆದಿಟ್ಟ ಮಾತುಗಳಿಗೆ ಒಡೆಯರು ಬೇರೆಯವರಾಗಿದ್ದರು. ಇನ್ನೊಂದು ಪಾಠ ಅಲ್ಲಿಯೇ 1999ರಲ್ಲಿ ಶುರುವಾದ 37ಸಿಗ್ನಲ್ಸ್‌ನದು. ಜಾಲತಾಣ ಕಟ್ಟಲು ಬಳಸುವ ರೂಬಿ ಆನ್ ರೈಲ್ಸ್ ಎಂಬ ತಂತ್ರಾಂಶ ಚೌಕಟ್ಟು ಹುಟ್ಟಿದ್ದು ಈ ತಂತ್ರಾಂಶ ಕಂಪನಿಯ ಕೆಲಸದಿಂದಲೇ. 2022ರಲ್ಲಿ ಕ್ಲೌಡ್ ಸೇವೆಗೆ 32 ಲಕ್ಷ ಡಾಲರ್ ತೆತ್ತ ಈ ಸಂಸ್ಥೆ, ಮರುವರ್ಷವೇ ತನ್ನ ತಂತ್ರಾಂಶಗಳನ್ನು ಸ್ವಂತ ಸರ್ವರ್‌ಗಳಿಗೆ ಮರಳಿ ತಂದಿತು. ಎಲ್ಲರೂ ಸರ್ವರ್ ಕೊಳ್ಳಬೇಕಿಲ್ಲ. ಆದರೆ ಬಾಡಿಗೆ ಮನೆಯಲ್ಲಿ ಇಡಬಾರದ್ದು ಯಾವುದು ಎಂಬ ಲೆಕ್ಕ ಎಲ್ಲರಿಗೂ ಗೊತ್ತಿರಬೇಕು.

ಕನ್ನಡಿಗರು ಈ ಲೆಕ್ಕದಲ್ಲಿ ಹಿಂದೆ ಬಿದ್ದಿದ್ದಾರೆ. ಅಮೆರಿಕದ ಕನ್ನಡ ಕೂಟಗಳ ಒಕ್ಕೂಟ ‘ಅಕ್ಕ’ದ ವಿಶ್ವ ಕನ್ನಡ ಸಮ್ಮೇಳನ ಡೆಟ್ರಾಯಿಟ್‌ನಲ್ಲಿ ನಡೆದ 2002ರ ಹೊತ್ತಿಗೆ ಜಾಲದಲ್ಲಿ ಕನ್ನಡ ಆಗಲೇ ಇತ್ತು, ಯು.ಬಿ. ಪವನಜ ಅವರ ‘ವಿಶ್ವ ಕನ್ನಡ’ ತಾಣ 1996ರಲ್ಲೇ ಶುರುವಾಗಿತ್ತು. ಆದರೆ ಆ ಕಾಲದ ಬಹಳಷ್ಟು ಪುಟಗಳು ಯುನಿಕೋಡ್‌ನಲ್ಲಿ ಇರಲಿಲ್ಲ. ಪರದೆಯ ಮೇಲೆ ‘ಕನ್ನಡ’ ಎಂದು ಕಂಡರೂ ಕಡತದೊಳಗೆ ಇದ್ದುದು ರೋಮನ್ ಅಕ್ಷರ, ಪೌಂಡ್ ಚಿಹ್ನೆಗಳ ಕಲಸುಮೇಲೋಗರ. ಆ ಫಾಂಟ್ ಹೋದರೆ ಬರಹವೂ ಹೋದಂತೆ. ಶಿಕಾಗೊದಲ್ಲಿ ಸಮ್ಮೇಳನ ನಡೆದ 2008ರ ವೇಳೆಗೆ ಯುನಿಕೋಡ್ ಬಂದು ಬ್ಲಾಗುಗಳು ತುಂಬಿದ್ದವು. ಆಮೇಲೆ ಎಲ್ಲರೂ ಫೇಸ್‌ಬುಕ್ಕಿಗೆ, ವಾಟ್ಸ್‌ಆ್ಯಪ್ಪಿಗೆ ಹೊರಟರು. ಈಗ ಯುಗಾದಿ ಕಾರ್ಯಕ್ರಮದ ವಿವರವೆಲ್ಲ ಒಂದು ಬಣ್ಣದ ಫ್ಲೈಯರ್ ಚಿತ್ರದಲ್ಲಿ ಬರುತ್ತದೆ. ಹಬ್ಬ ಮುಗಿದ ಮೇಲೆ ಅದನ್ನು ಹುಡುಕಿ ತೆಗೆಯುವವರಿಲ್ಲ.

ಯಂತ್ರಕ್ಕೆ ಬಾಗಿಲು ಹಾಕುವ ಉಪಾಯಗಳು ಈಗ ಇವೆ. ಜಾಲತಾಣಗಳಿಗೆ ರಕ್ಷಣೆ ಒದಗಿಸುವ ಕ್ಲೌಡ್‌ಫ್ಲೇರ್ ಕಂಪನಿ 2025ರ ಜುಲೈನಿಂದ ತನ್ನಲ್ಲಿಗೆ ಬರುವ ಹೊಸ ತಾಣಗಳಲ್ಲಿ ಎಐ ಬಾಟ್‌ಗಳನ್ನು ತಾನಾಗಿಯೇ ತಡೆಯುತ್ತಿದೆ. ಓದಬೇಕಾದರೆ ದುಡ್ಡು ಕೊಡಿ ಎನ್ನುವ ವ್ಯವಸ್ಥೆಯನ್ನೂ ಪ್ರಯೋಗಕ್ಕೆ ಇಟ್ಟಿದೆ. ಇಂಗ್ಲಿಷ್ ಪತ್ರಿಕೆಗೆ ಅದು ಸರಿಯಾದ ಅಸ್ತ್ರ. ಕನ್ನಡಕ್ಕೆ ಅಷ್ಟು ಸುಲಭವಲ್ಲ. ಜಾಲದಲ್ಲಿ ಇರುವುದೇ ಕಡಿಮೆ. ಅದನ್ನೂ ಮುಚ್ಚಿದರೆ ಯಂತ್ರಕ್ಕೆ ಕನ್ನಡ ಕಲಿಸುವುದು ಅರೆಬರೆ ಅನುವಾದಗಳೇ. ಡೆಟ್ರಾಯಿಟ್ ಬಳಿಯ ನೋವೈಯಲ್ಲಿ ಬೆಳೆಯುತ್ತಿರುವ ಹುಡುಗಿ ಗೌರಿ ಹಬ್ಬದ ಮೊರದ ಬಾಗಿನದಲ್ಲಿ ಏನೇನಿಡಬೇಕು ಎಂದು ಕೇಳಿದಾಗ, ಎಲ್ಲಿನದೋ ವ್ರತದ ಸಾಮಗ್ರಿಯ ಪಟ್ಟಿ ಉತ್ತರವಾಗಿ ಬಂದರೆ ಆಶ್ಚರ್ಯವಿಲ್ಲ. ತಿಳಿದವರು ಜಾಲದಲ್ಲಿ ಬರೆದಿಟ್ಟಿದ್ದರೆ ತಾನೇ ಸರಿಯಾದದ್ದು ಸಿಗುವುದು?

ಆದ್ದರಿಂದ ಬಾಗಿಲು ಮುಚ್ಚುವುದಕ್ಕಿಂತ ಷರತ್ತು ಹಾಕುವುದು ಮೇಲು. ಸಾರ್ವಜನಿಕ ಹಣದಲ್ಲಿ ಸಿದ್ಧವಾದ ಕನ್ನಡ ಸಾಹಿತ್ಯ ಯುನಿಕೋಡ್‌ನಲ್ಲಿ, ಮುಕ್ತ ಪರವಾನಗಿಯಲ್ಲಿ ಎಲ್ಲರಿಗೂ ಸಿಗಬೇಕು. ಮೈಸೂರು ವಿಶ್ವವಿದ್ಯಾಲಯ 2014ರಲ್ಲಿ ತನ್ನ ಕನ್ನಡ ವಿಶ್ವಕೋಶದ ಸಂಪುಟಗಳನ್ನು ಹಾಗೆ ಬಿಟ್ಟುಕೊಟ್ಟ ಮಾದರಿ ನಮ್ಮ ಮುಂದಿದೆ. ಅಕಾಡೆಮಿಗಳೂ ಪ್ರಾಧಿಕಾರಗಳೂ ಅದನ್ನು ಅನುಸರಿಸಲಿ. ಬರಹದಿಂದಲೇ ಬದುಕುವ ಪತ್ರಿಕೆ, ಪ್ರಕಾಶಕರು, ಲೇಖಕರು ಮಾತ್ರ ಒಟ್ಟಾಗಿ ನಿಂತು ಬೆಲೆ ಕೇಳಬೇಕು. ಒಬ್ಬೊಬ್ಬರೇ ಹೋದರೆ ಕೇಳುವವರಿಲ್ಲ. ಉತ್ತರ ಕೊಡುವ ಯಂತ್ರ ಮೂಲದ ಹೆಸರನ್ನು ಎದ್ದುಕಾಣುವಂತೆ ತೋರಿಸಬೇಕೆಂದು ಸರ್ಕಾರಗಳು ಕಾನೂನಿನಲ್ಲೇ ಹೇಳಬೇಕು.

ಇವೆಲ್ಲ ಆಗುವುದಕ್ಕೆ ಕಾಲ ಹಿಡಿಯುತ್ತದೆ. ಕನ್ನಡ ಕೂಟಗಳು, ಬರಹಗಾರರು ಅಲ್ಲಿಯವರೆಗೆ ಕಾಯಬೇಕಾಗಿಲ್ಲ. ಸ್ವಂತ ಹೆಸರಿನ ಒಂದು ವಿಳಾಸ ಕೊಳ್ಳಿ, ಬರೆದದ್ದನ್ನು ಮೊದಲು ಅಲ್ಲಿ ಹಾಕಿ, ಫೇಸ್‌ಬುಕ್ಕಿಗೆ ಅದರ ಕೊಂಡಿ ಕೊಡಿ. ಫ್ಲೈಯರ್ ಜೊತೆಗೆ ಅದರಲ್ಲಿರುವ ಮಾತುಗಳನ್ನೂ ಯುನಿಕೋಡ್‌ನಲ್ಲಿ ಟೈಪ್ ಮಾಡಿ. ಪಾಲು ಕೇಳುವ ದಿನ ಬಂದಾಗ, ಬರಹ ನಮ್ಮದು ಎಂದು ತೋರಿಸುವುದಕ್ಕಾದರೂ ಅದು ನಮ್ಮ ಜಾಗದಲ್ಲಿ ಇರಬೇಕು.