ಮುಖಕ್ಕೆ ಕಾವ್ಯನಾಮ ಇಲ್ಲ

ಹೋದ ಶನಿವಾರ ರಾತ್ರಿ ನಿದ್ದೆ ಬಾರದೆ ‘ಬುಚ್ ಕ್ಯಾಸಿಡಿ ಅಂಡ್ ದ ಸನ್‌ಡಾನ್ಸ್ ಕಿಡ್’ ಹಾಕಿಕೊಂಡು ಕೂತಿದ್ದೆ. ಎಷ್ಟನೇ ಸಲವೋ ಲೆಕ್ಕ ಇಟ್ಟಿಲ್ಲ. ಪ್ರತಿ ಸಲ ಪಾಲ್ ನ್ಯೂಮನ್, ರಾಬರ್ಟ್ ರೆಡ್‌ಫೋರ್ಡ್ ಇಬ್ಬರನ್ನೇ ನೋಡುತ್ತಿದ್ದವನಿಗೆ ಈ ಸಲ ಕಣ್ಣಿಗೆ ಬಿದ್ದದ್ದು ಆ ಮುದಿ ಶೆರಿಫ್. ಇಬ್ಬರು ಕಳ್ಳರಿಗೂ ಹಳೇ ಗೆಳೆಯ. ನಿಮ್ಮ ಕಾಲ ಮುಗಿಯಿತು ಅಂತ ಬೈಯುತ್ತಾನೆ, ಬೈಯುತ್ತಲೇ ಸಂಕಟಪಡುತ್ತಾನೆ. ಕೆಲವೇ ನಿಮಿಷದ ಪಾತ್ರ. ಅರೆ, ಈತನನ್ನು ಇನ್ನೆಲ್ಲೋ ನೋಡಿದ್ದೀನಲ್ಲ ಅನ್ನಿಸಿತು. ಹುಡುಕಿದರೆ, ಅದೇ 1969ರಲ್ಲಿ ಬಂದ ‘ಟ್ರೂ ಗ್ರಿಟ್’ನಲ್ಲಿ ಹುಡುಗಿಯ ಅಪ್ಪನನ್ನು ಕೊಲ್ಲುವ ಟಾಮ್ ಚೇನಿ ಈತನೇ! ಹೆಸರು ಜೆಫ್ ಕೋರಿ.

ನನ್ನನ್ನು ತಡೆದು ನಿಲ್ಲಿಸಿದ್ದು ಅವರು ಮಾಡಿದ ಸಿನಿಮಾಗಳಲ್ಲ, ಪಟ್ಟಿಯಲ್ಲಿದ್ದ ದೊಡ್ಡ ತೂತು. 1940ರ ದಶಕದಲ್ಲಿ ಸಾಲು ಸಾಲು ಚಿತ್ರಗಳು. 1951 ಆದಮೇಲೆ ಪಟ್ಟಿ ನೇರ 1960ರ ದಶಕಕ್ಕೆ ಜಿಗಿಯುತ್ತದೆ.

ಆ ವರ್ಷ ಅಮೆರಿಕ ಸಂಸತ್ತಿನ ಸಮಿತಿಯೊಂದು ಅವರನ್ನು ವಿಚಾರಣೆಗೆ ಕರೆದಿತ್ತು. ಹಾಲಿವುಡ್‌ನಲ್ಲಿ ಕಮ್ಯುನಿಸ್ಟರನ್ನು ಹುಡುಕುವುದು ಅದರ ಕೆಲಸ. ಕೋರಿ ಹಿಂದೊಮ್ಮೆ ಪಾರ್ಟಿ ಸಭೆಗಳಿಗೆ ಹೋದವರು. ಅದೇ ಮನುಷ್ಯ ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ನೌಕಾದಳದಲ್ಲಿ ಫೋಟೋಗ್ರಾಫರ್ ಆಗಿ ದುಡಿದವರೂ ಹೌದು. ಸಮಿತಿಗೆ ಬೇಕಿದ್ದದ್ದು ಗೆಳೆಯರ ಹೆಸರುಗಳು. ಕೋರಿ ಕೊಡಲಿಲ್ಲ. ಆಗ ಅವರಿಗೆ 37 ವರ್ಷ.

ಇಲ್ಲಿ ಒಂದು ವಿಷಯ ಗಮನಿಸಿ. ಇವರಿಗೆ ಕೆಲಸ ಕೊಡಬಾರದು ಅಂತ ಯಾವ ಕಾನೂನೂ ಇರಲಿಲ್ಲ. 1947ರ ನವೆಂಬರಿನಲ್ಲಿ ಸ್ಟುಡಿಯೋ ಮಾಲೀಕರು ನ್ಯೂಯಾರ್ಕಿನ ವಾಲ್ಡಾರ್ಫ್ ಹೋಟೆಲಿನಲ್ಲಿ ಸೇರಿ ಕಮ್ಯುನಿಸ್ಟರನ್ನು ಇಟ್ಟುಕೊಳ್ಳುವುದಿಲ್ಲ ಅಂತ ಹೇಳಿಕೆ ಕೊಟ್ಟಿದ್ದರು, ಅಷ್ಟೇ. ಉಳಿದದ್ದೆಲ್ಲ ಮೌನದಲ್ಲೇ ನಡೆಯಿತು. ಫೋನ್ ಬರುವುದು ನಿಲ್ಲುತ್ತದೆ. ನಮ್ಮ ಭಾಷೆಯಲ್ಲಿ ಹೇಳಬೇಕೆಂದರೆ ಪ್ರೋಗ್ರಾಂ ಕ್ರ್ಯಾಶ್ ಆಗಲ್ಲ, ಎರರ್ ಮೆಸೇಜೂ ಬರಲ್ಲ, ನಿಮ್ಮ ಫಂಕ್ಷನ್ನನ್ನು ಯಾರೂ ಕಾಲ್ ಮಾಡಲ್ಲ. ಡೀಬಗ್ ಮಾಡುವುದು ಎಲ್ಲಿಂದ?

ಕಪ್ಪುಪಟ್ಟಿ ಅಂದ ಕೂಡಲೇ ಎಲ್ಲರಿಗೂ ನೆನಪಾಗುವುದು ಡಾಲ್ಟನ್ ಟ್ರಂಬೋ. ಜೈಲಿಗೂ ಹೋಗಿ ಬಂದ ಲೇಖಕ, ದೊಡ್ಡ ಮನುಷ್ಯ, ಎರಡು ಮಾತಿಲ್ಲ. ಆದರೆ ಲೇಖಕ ಬೇರೆ ಹೆಸರಿನಲ್ಲಿ ಬರೆಯಬಹುದು. 1957ರಲ್ಲಿ ‘ದ ಬ್ರೇವ್ ಒನ್’ ಕತೆಗೆ ಆಸ್ಕರ್ ಬಂದದ್ದು ‘ರಾಬರ್ಟ್ ರಿಚ್’ ಅನ್ನೋ ಹೆಸರಿಗೆ. ಬರೆದವರು ಟ್ರಂಬೋ! ನಟ ಏನು ಮಾಡಬೇಕು? ಅವನ ಮುಖವೇ ಅವನ ಸಹಿ. ಮುಖಕ್ಕೆ ಕಾವ್ಯನಾಮ ಇಲ್ಲ. ಅದರಲ್ಲೂ ಪೋಷಕ ನಟನಾದರೆ ‘ಎಲ್ಲಿ ಹೋದ ಇವನು?’ ಅಂತ ಕೇಳುವ ಅಭಿಮಾನಿಗಳೂ ಇಲ್ಲ. ಆ ಜಾಗಕ್ಕೆ ಇನ್ನೊಬ್ಬ ಬರುತ್ತಾನೆ, ನಮಗೆ ಗೊತ್ತೇ ಆಗಲ್ಲ.

ಕೋರಿ ಗುಂಡಿ ತೋಡುವ ಕೂಲಿ ಕೆಲಸವನ್ನೂ ಮಾಡಿದರು. ಮನೆಯ ಗ್ಯಾರೇಜಿನಲ್ಲಿ ನಟನೆ ಕಲಿಸಿದರು. ಅಲ್ಲಿಗೆ ಬಂದವರು ಯಾರು ಗೊತ್ತಾ? ಜಾಕ್ ನಿಕಲ್ಸನ್, ಮುಂದೆ ‘ಚೈನಾಟೌನ್’ ಬರೆದ ರಾಬರ್ಟ್ ಟೌನ್, ಸ್ಪಾಕ್ ಆಗಲಿದ್ದ ಲೆನರ್ಡ್ ನಿಮೊಯ್! ತಮಾಷೆ ಅಂದರೆ, ಇವರಿಗೆ ಪಾತ್ರ ಕೊಡದ ಸ್ಟುಡಿಯೋಗಳೇ ತಮ್ಮ ನಟರನ್ನು ಇವರ ಹತ್ತಿರ ಕಲಿಯಲು ಕಳಿಸುತ್ತಿದ್ದವು. ಅಂದಮೇಲೆ ಕೋರಿ ದೇಶಕ್ಕೆ ಅಪಾಯ ಅಂತ ಆ ಸ್ಟುಡಿಯೋದವರೂ ನಂಬಿರಲಿಲ್ಲ ಅಂತಾಯಿತಲ್ಲ? ಅವರಿಗಿದ್ದದ್ದು ನಂಬಿಕೆಯಲ್ಲ, ಹೆದರಿಕೆ.

ಇದನ್ನೆಲ್ಲ ನನ್ನ ರೂಮ್‌ಮೇಟಿಗೆ ಹೇಳಿದೆ. ‘ನೋಡು, ಆಗಿದ್ದೆಲ್ಲ ಒಳ್ಳೇದಕ್ಕೇ. ಇಲ್ಲದಿದ್ದರೆ ಅಂಥ ಮೇಷ್ಟ್ರು ಸಿಗುತ್ತಿದ್ದರಾ?’ ಅಂದ. ನನಗೆ ಸಿಟ್ಟು ಬಂತು. ಮೇಷ್ಟ್ರು ಸಿಕ್ಕಿದ್ದು ಕೋರಿಯವರ ದೊಡ್ಡತನ. ಅದನ್ನು ಕಪ್ಪುಪಟ್ಟಿಯ ಜಮಾಖಾತೆಗೆ ಯಾಕೆ ಹಾಕಬೇಕು? ಹಾಗೆ ಎದ್ದು ನಿಲ್ಲಲು ಎಲ್ಲರಿಗೂ ಆಗಲಿಲ್ಲ. ಟೀವಿ ನಟ ಫಿಲಿಪ್ ಲೋಬ್ ಇದೇ ಪಟ್ಟಿಯಿಂದ ಕೆಲಸ ಕಳೆದುಕೊಂಡು 1955ರಲ್ಲಿ ಆತ್ಮಹತ್ಯೆ ಮಾಡಿಕೊಂಡರು. ಅವರ ಕತೆಯಲ್ಲಿ ‘ಒಳ್ಳೇದು’ ಎಲ್ಲಿದೆ?

ಕೋರಿ ಮರಳಿ ಬಂದು ಬಹಳ ವರ್ಷ ನಟಿಸಿದರು, 2002ರಲ್ಲಿ ತೀರಿಕೊಂಡರು. ಸಂತೋಷ. ಆದರೆ ನಲವತ್ತರ ಆಸುಪಾಸಿನ ಜೆಫ್ ಕೋರಿ ಹೇಗೆ ನಟಿಸುತ್ತಿದ್ದರು ಅನ್ನೋದನ್ನ ನಾವ್ಯಾರೂ ಇನ್ನು ನೋಡಲಾರೆವು. ಆ ಮುದಿ ಶೆರಿಫ್‌ನ ಮುಖದಲ್ಲಿದ್ದ ಸಂಕಟ ನಟನೆಯೊಂದೇ ಇರಲಿಕ್ಕಿಲ್ಲ ಅಂತ ನನಗನ್ನಿಸುತ್ತದೆ... ನೀವೂ ಒಮ್ಮೆ ನೋಡಿ ಹೇಳಿ.