ಖಾಡಿಯಲ್ಲಿ ಕಾಣಿಸದ ದೋಣಿ

ಭಾಂಡುಪಿನ ಪಂಪಿಂಗ್ ಸ್ಟೇಷನ್ನಿನ ಆಚೆಗೆ, ಉಪ್ಪಿನಾಗರಗಳನ್ನು ದಾಟಿದರೆ ಠಾಣೆಯ ಖಾಡಿ. ಮುಂಬಯಿಯಲ್ಲಿ ಹತ್ತು ವರ್ಷ ದುಡಿದವರಲ್ಲಿಯೂ ಅದನ್ನು ಕಂಡವರು ಕಡಮೆ. ಆದರೆ ನೀರಿನ ಮಗ್ಗುಲಲ್ಲಿ ಹುಟ್ಟಿ ಬೆಳೆದ ನಮ್ಮ ಕರಾವಳಿಯ ಹುಡುಗರನ್ನು ತಡೆಯುವವರಾರು? ವಾರದ ರಜೆಯ ದಿನ ಗಾಳ ಹಿಡಿದು, ಕೋಲಿ ಮೀನುಗಾರರ ಹೋಡಿಯಲ್ಲಿಯೋ, ಇತ್ತೀಚೆಗೆ ಬಂದಿರುವ ಕಯಾಕ್ ಎಂಬ ಕಿರುದೋಣಿಯಲ್ಲಿಯೋ ನೀರಿಗಿಳಿಯುವವರು ನಮ್ಮವರಲ್ಲಿಯೂ ಉಂಟು. ಖಾಡಿಯ ಒಂದು ಭಾಗ 2015ರಲ್ಲಿ ರಾಜಹಂಸಗಳ ಅಭಯಾರಣ್ಯವಾಯಿತು. ಅಲ್ಲಿ ಅರಣ್ಯ ಇಲಾಖೆಯ ಅಪ್ಪಣೆಯಿಲ್ಲದೆ ಕಾಲಿಡತಕ್ಕದ್ದಲ್ಲ. ಹಕ್ಕಿ ನೋಡುವವರನ್ನು ಹೊತ್ತ ಯಂತ್ರದೋಣಿಗಳ ಓಡಾಟವೂ ಅಲ್ಲಿಂದೀಚೆಗೆ ಹೆಚ್ಚಿದೆ.

ಕಳೆದ ಚಳಿಗಾಲದ ಒಂದು ಮುಂಜಾನೆ ನಮ್ಮ ಪರಿಚಯದ ಇಬ್ಬರು ಹೋಟೆಲು ಕೆಲಸಗಾರರು ಬೂದುಬಣ್ಣದ ದೋಣಿಯಲ್ಲಿ ಗಾಳ ಹಾಕಿ ಕುಳಿತಿದ್ದಾಗ ಯಂತ್ರದೋಣಿಯೊಂದು ಒಂದು ಮಾರು ದೂರದಲ್ಲಿ ಹಾದುಹೋಯಿತು. ಕಿರುದೋಣಿ ಮಗುಚಲಿಲ್ಲ, ಅಷ್ಟೆ. ಚಾಲಕನು ಹಿಂತಿರುಗಿ ಬಂದು ನಡುಗುವ ದನಿಯಲ್ಲಿ, “ನೀವು ಕಾಣಲೇ ಇಲ್ಲ” ಎಂದನಂತೆ. ಅವನ ಮಾತನ್ನು ನಾವು ನಂಬುತ್ತೇವೆ.

ಲೆಕ್ಕ ಹಾಕಿ ನೋಡಿರಿ. 20 ನಾಟ್ ವೇಗದ ದೋಣಿ ಗಂಟೆಗೆ 37 ಕಿಲೋಮೀಟರ್, ಅಂದರೆ ಸೆಕೆಂಡಿಗೆ ಸುಮಾರು 10 ಮೀಟರ್ ಓಡುತ್ತದೆ. 300 ಮೀಟರ್ ದೂರದಲ್ಲಿ ಕಂಡರೂ ಉಳಿಯುವುದು ಅರ್ಧ ನಿಮಿಷ. ಅಷ್ಟರಲ್ಲಿ ಹುಟ್ಟು ಹಾಕುವವನು 45 ಮೀಟರ್ ಸರಿದಾನು. ಲಂಗರು ಇಳಿಸಿದ್ದರೆ ಅದೂ ಇಲ್ಲ. ವೇಗ ಹೆಚ್ಚಿದಂತೆ ಯಂತ್ರದೋಣಿಯ ಮೂತಿ ಮೇಲೇಳುವುದರಿಂದ ಎದುರಿನ ನೀರೇ ಚಾಲಕನಿಗೆ ಮರೆಯಾಗುತ್ತದೆ. ಕಯಾಕಿನಲ್ಲಿ ಕುಳಿತವನ ತಲೆಯೋ ನೀರಿನಿಂದ ಒಂದು ಮೀಟರಿನಷ್ಟೂ ಎತ್ತರವಿರುವುದಿಲ್ಲ. ಅದರ ಮೇಲೆ ಎಳೆಬಿಸಿಲಿನ ಕೋರೈಸುವಿಕೆ, ಚಳಿಗಾಲದ ಮಬ್ಬು. ಇಳಿತದ ಹೊತ್ತಿನಲ್ಲಿ ಕೆಸರು ತೇಲಿ ನಡುಗಾಲುವೆಯಷ್ಟೇ ಉಳಿಯುವುದರಿಂದ ದೊಡ್ಡವರೂ ಸಣ್ಣವರೂ ಒಂದೇ ಓಣಿಯಲ್ಲಿ ಸಿಕ್ಕಿಕೊಳ್ಳುತ್ತಾರೆ.

ಹುಟ್ಟಿನ ದೋಣಿಗೆ ಯಂತ್ರದೋಣಿ ಯಾವಾಗಲೂ ದಾರಿ ಬಿಡಲೇಬೇಕೆಂಬ ನಂಬಿಕೆ ನಮ್ಮವರಲ್ಲಿದೆ. 1972ರ ಅಂತರರಾಷ್ಟ್ರೀಯ ಡಿಕ್ಕಿ ನಿವಾರಣಾ ನಿಯಮಗಳು ಆ ಆದ್ಯತೆಯನ್ನು ಹಾಯಿದೋಣಿಗೂ, ಬಲೆ ಹಾಕಿ ಸುಲಭವಾಗಿ ತಿರುಗಲಾರದ ಮೀನುದೋಣಿಗೂ ಕೊಟ್ಟಿವೆ. ಅಲ್ಲಿ ಹುಟ್ಟಿನ ದೋಣಿಯ ಹೆಸರೆತ್ತಿಲ್ಲ. ಇಕ್ಕಟ್ಟಾದ ಕಾಲುವೆಯಲ್ಲಿ, ಆಳ ಬಿಟ್ಟು ಸರಿಯಲಾರದ ನೌಕೆಗೆ 20 ಮೀಟರಿಗಿಂತ ಚಿಕ್ಕ ದೋಣಿ ಅಡ್ಡಿಯಾಗಬಾರದೆಂದೂ ಹೇಳಿದೆ. ಕತ್ತಲಲ್ಲಿ ಬೇರೆ ದೀಪವಿಲ್ಲದ ಹುಟ್ಟಿನ ದೋಣಿಯವನು ಬಿಳಿ ಬೆಳಕಿನ ಬ್ಯಾಟರಿಯನ್ನೋ ಲಾಂದ್ರವನ್ನೋ ಕೈಗೆ ಸಿಗುವಂತಿಟ್ಟುಕೊಂಡು ಡಿಕ್ಕಿ ತಪ್ಪುವಷ್ಟು ಮುಂಚಿತವಾಗಿ ತೋರಿಸಬೇಕು. ಆದರೆ ಕಣ್ಣು ಕಿವಿಗಳೆರಡರಿಂದಲೂ ಕಾವಲಿರಬೇಕೆಂಬ ಐದನೆಯ ನಿಯಮ, ಸುರಕ್ಷಿತ ವೇಗವನ್ನು ಹೇಳುವ ಆರನೆಯ ನಿಯಮ, ಎಲ್ಲ ನೌಕೆಗಳಿಗೂ ಒಂದೇ.

ಈ ಕಾವಲು ತಪ್ಪಿದರೆ, ಹತೋಟಿ ತಪ್ಪಿದರೆ ಏನಾಗುವುದೆಂಬುದನ್ನು ಮುಂಬಯಿ ಕಂಡಿದೆ. 2024ರ ಡಿಸೆಂಬರ್ 18ರ ಹಾಡಹಗಲಿನಲ್ಲಿ, ಎಲಿಫೆಂಟಾಕ್ಕೆ ಹೊರಟಿದ್ದ ‘ನೀಲ್ ಕಮಲ್’ ದೋಣಿಗೆ ನೌಕಾದಳದ ವೇಗದೋಣಿ ಬಡಿದು 15 ಜನ ಮಡಿದರು. ಯಂತ್ರ ಪರೀಕ್ಷೆಯ ವೇಳೆ ಹತೋಟಿ ತಪ್ಪಿತೆಂದು ನೌಕಾದಳವೇ ತಿಳಿಸಿತು. 2021ರ ಏಪ್ರಿಲಿನಲ್ಲಿ ಮಂಗಳೂರಿನಾಚೆಯ ಕಡಲಿನಲ್ಲಿ ‘ರಬಾಹ್’ ಎಂಬ ಮೀನುದೋಣಿಗೂ ಸಿಂಗಾಪುರದ ಸರಕು ಹಡಗಿಗೂ ಡಿಕ್ಕಿಯಾದಾಗ, ದೋಣಿಯಲ್ಲಿದ್ದ 14 ಜನರಲ್ಲಿ ಬದುಕಿ ಸಿಕ್ಕವರು ಇಬ್ಬರೇ.

ಮುಂಬಯಿಯ ದುರಂತದ ಬಳಿಕ ಗೇಟ್‌ವೇಯಿಂದ ಹೊರಡುವ ಪ್ರಯಾಣಿಕರಿಗೆ ಲೈಫ್ ಜಾಕೆಟ್ ಕಡ್ಡಾಯವಾಯಿತು. ಒಳ್ಳೆಯದೇ, ಆದರೆ ಅದು ನೀರಿಗೆ ಬಿದ್ದ ಮೇಲಿನ ಉಪಾಯ. ಹಕ್ಕಿ ತೋರಿಸುವ ದೋಣಿಗಳಲ್ಲಿ ಚಾಲಕನೇ ಹಿಂದಕ್ಕೆ ತಿರುಗಿ ವಿವರಣೆ ಕೊಡುವುದನ್ನು ನಾವು ಕಣ್ಣಾರೆ ನೋಡಿದ್ದೇವೆ. ಮೂತಿಯಲ್ಲಿ ಒಬ್ಬ ಕಾವಲಿನವನನ್ನು ನಿಲ್ಲಿಸಲು ಎಷ್ಟು ಖರ್ಚು? ನಮ್ಮ ಹೋಟೆಲಿನ ಅಡಿಗೆಮನೆಯ ಬಾಗಿಲಲ್ಲಿ, ಕುದಿಯುವ ಸಾರಿನ ಪಾತ್ರೆ ಹಿಡಿದವನು ‘ದಾರಿ, ದಾರಿ’ ಎಂದು ಕೂಗದಿದ್ದರೆ ಬೈಗುಳ ಅವನಿಗೇ ಬೀಳುತ್ತಿತ್ತು, ಎದುರು ಬಂದ ಹುಡುಗನಿಗಲ್ಲ. ಪಕ್ಷಿದೋಣಿಗಳಿಗೆ ಪರವಾನಗಿ ಕೊಡುವವರು ಈ ಕಾವಲನ್ನೂ ಒಂದು ಷರತ್ತಾಗಿ ಮಾಡಲಿ ಎಂಬುದು ನಮ್ಮ ಬೇಡಿಕೆ.

ಅದು ಆಗುವ ತನಕ ನಮ್ಮವರು ಸುಮ್ಮನಿರಲಾಗದು. ನೀಲಿ, ಬೂದು, ಹಸಿರು ಬಣ್ಣಗಳು ನೀರಿನಲ್ಲಿ ಕರಗಿಹೋಗುತ್ತವೆ. ಕಿತ್ತಳೆ, ಹಳದಿ ಕಾಣುತ್ತವೆ. ಹುಟ್ಟಿನ ಅಲಗಿಗೆ ಆ ಬಣ್ಣ ಬಳಿದರೆ, ಅದು ಸದಾ ಆಡುತ್ತಿರುವುದರಿಂದ ದೂರಕ್ಕೂ ಕಣ್ಣಿಗೆ ಬೀಳುತ್ತದೆ. ದೋಣಿಯ ಹಿಂಬದಿಗೆ ಆಳೆತ್ತರದ ಕೋಲು ನೆಟ್ಟು ಬಾವುಟ ಕಟ್ಟಬೇಕು. ಜಾಕೆಟನ್ನು ಕಾಲಡಿಯಲ್ಲಿಡದೆ ತೊಟ್ಟು, ಸೀಟಿಯನ್ನು ಅದಕ್ಕೇ ಕಟ್ಟಬೇಕು. ನಡುಗಾಲುವೆಯಲ್ಲಿ ಲಂಗರು ಬೇಡವೇ ಬೇಡ. ದಾಟುವುದಾದರೆ ಗುಂಪಾಗಿ, ನೇರವಾಗಿ, ಬೇಗ ದಾಟಬೇಕು. ಯಂತ್ರದೋಣಿ ಎಬ್ಬಿಸಿದ ಅಲೆಗೆ ಮಗ್ಗುಲು ಕೊಡದೆ ಮೂತಿ ಕೊಡಬೇಕು. ಉಬ್ಬರ ಇಳಿತದ ವೇಳೆ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಸರಿಯುವುದರಿಂದ ಕಳೆದ ವಾರದ ಗಂಟೆಯನ್ನು ನಂಬಿ ಹೊರಡಬಾರದು. ಎಲ್ಲಿಗೆ ಹೊರಟೆವು, ಎಷ್ಟು ಹೊತ್ತಿಗೆ ಬರುವೆವು ಎಂಬುದನ್ನು ಕೋಣೆಯಲ್ಲಿರುವವರಿಗೆ ಹೇಳಿ ಹೋಗಬೇಕು. ಫೋನನ್ನು ನೀರು ನುಗ್ಗದ ಚೀಲದಲ್ಲಿಟ್ಟು ಕೊರಳಿಗೆ ಕಟ್ಟಿಕೊಂಡಿರಬೇಕು. ಕರಾವಳಿ ಕಾವಲು ಪಡೆಯ ರಕ್ಷಣಾ ಸಂಖ್ಯೆ 1554.